ಮಾರ್ದನಿಯೂ ಝೇಂಕಾರವೂ

ಪರರು ಆಡಿದ ಮಾತನ್ನು ದಿನವೂ ಆಡುತ್ತ ಬಂದರೆ ಅದು ಆಡಿದವನ ಸ್ವಂತ ಮಾತಾಗುವುದೋ, ಅಥವಾ ಕೊನೆಯವರೆಗೂ ಪರರದಾಗಿಯೇ ಉಳಿಯುವುದೋ ಎಂಬುದು ಸದ್ಗೃಹಸ್ಥರೆಲ್ಲರೂ ಆಲೋಚಿಸತಕ್ಕ ಪ್ರಶ್ನೆಯಾಗಿದೆ. ಲಿಂಗಪೂಜೆಯ ವೇಳೆಯಲ್ಲಿ ಭಕ್ತನು ಪಂಚಾಕ್ಷರಿಯನ್ನು ಜಪಿಸುವನು. ಅದು ಗುರುವು ಕೊಟ್ಟ ಮಾತು. ಸಂಜೆ ಮಠದಲ್ಲಿ ಕುಳಿತು ವಚನಗಳನ್ನು ಹಾಡುವನು. ಅವು ಶರಣರು ಆಡಿದ ಮಾತುಗಳು. ಹಾಗಾದರೆ ಇವನ ಮಾತು ಯಾವುದು? ಬಸವಾದಿ ಪ್ರಮಥರು ತಮ್ಮ ಅನುಭಾವವನ್ನು ತಾವೇ ನುಡಿದರು. ಅವರು ನುಡಿದುದನ್ನು ಎಂಟು ನೂರು ವರುಷಗಳ ತರುವಾಯ ಮತ್ತೆ ನುಡಿಯುವವನು ನುಡಿಯುತ್ತಿರುವನೋ, ಕೇವಲ ಪ್ರತಿಧ್ವನಿಸುತ್ತಿರುವನೋ? ಈ ಶಂಕೆಯು ನಾಸ್ತಿಕನ ಮನಸ್ಸಿನಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ನಿಷ್ಠಾವಂತನಾದ ಭಕ್ತನ ಮನಸ್ಸಿನಲ್ಲಿಯೇ ಹುಟ್ಟಿ ಅವನನ್ನು ಬಾಧಿಸುವುದು.

ಸಿಂಧನೂರು ಸೀಮೆಯ ಸಾಲಗುಂದವು ಎರೆಯ ಬಯಲಿನ ಊರು. ಜೋಳ ಬೆಳೆಯುತ್ತಿದ್ದ ಆ ಸೀಮೆಯ ನೆಲದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಮೇಲೆ ಬತ್ತದ ಗದ್ದೆಗಳೆದ್ದವು. ಬಯಲಿನಲ್ಲಿ ಕೂಗಿದ ಕೂಗು ಬಯಲಿನಲ್ಲಿಯೇ ಅಡಗುವುದು, ತಿರುಗಿ ಬರುವುದಿಲ್ಲ. ಆದರೆ ಸಿಂಧನೂರಿನಿಂದ ಲಿಂಗಸುಗೂರಿನ ದಾರಿ ಹಿಡಿದು ಮಸ್ಕಿಗೆ ಹೋದರೆ ಅಲ್ಲಿ ಕಲ್ಲುಬಂಡೆಗಳ ಬೆಟ್ಟವಿದೆ. ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಸನ್ನಿಧಿ. ಊರಿನಲ್ಲಿ ಭ್ರಮರಾಂಬೆಯ ಗುಡಿ. ಭಕ್ತರು ಅದನ್ನು ಎರಡನೆಯ ಶ್ರೀಶೈಲವೆಂದು ಕರೆಯುವರು. ಬಯಲುಸೀಮೆಯ ಮಕ್ಕಳು ಇಂಥ ಬೆಟ್ಟವನ್ನು ಮೊದಲ ಸಲ ಏರಿದಾಗ ಬಂಡೆಗಳ ಕಡೆಗೆ ಕೂಗು ಹಾಕುವುದು ಸಹಜ. ಕೂಗಿದ ಹೆಸರು ತಿರುಗಿ ಬಂದಾಗ, ಒಳಗೆ ಯಾರೋ ಇದ್ದಾರೆಂದು ಬೆರಗಾಗುವುದೂ ಸಹಜ. ಬೆಟ್ಟದೊಳಗೆ ಯಾರಿದ್ದಾರೆ ಎಂಬ ಈ ಮಗುವಿನ ಪ್ರಶ್ನೆಯನ್ನು ಲೋಕದ ಪ್ರಾಚೀನ ಜನಾಂಗಗಳೆಲ್ಲವೂ ಕೇಳಿಕೊಂಡಿವೆ. ಅವರವರ ಸಂಸ್ಕಾರಕ್ಕೆ ತಕ್ಕ ಉತ್ತರವನ್ನೂ ಕಂಡುಕೊಂಡಿವೆ.

ಪ್ರಾಚೀನ ಗ್ರೀಕರು ಬೆಟ್ಟ, ತೊರೆ, ಮರಗಳಲ್ಲಿ ದೇವಕನ್ಯೆಯರು ವಾಸಿಸುವರೆಂದು ನಂಬಿದ್ದರು. ಅವರಲ್ಲಿ ಬೆಟ್ಟದ ಕನ್ಯೆಯರಿಗೆ ಓರಿಯಡ್ ಎಂದು ಹೆಸರು. ಬೆಟ್ಟವೆಂಬ ಅರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದ ಹೆಸರಿದು. ಎಕೋ ಎಂಬವಳು ಇಂಥ ಗಿರಿಕನ್ಯೆ. ರೋಮಿನ ಕವಿ ಓವಿಡನು ಕ್ರಿಸ್ತಶಕದ ಆರಂಭಕಾಲದಲ್ಲಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿದ 'ಮೆಟಮಾರ್ಫಸೀಸ್' ಎಂಬ ಕಾವ್ಯದ ಮೂರನೆಯ ಭಾಗದಲ್ಲಿ ಆಕೆಯ ಕಥೆ ಬರುವುದು. ಅದೆಂತೆಂದರೆ: ಎಕೋ ಮಾತಿನಲ್ಲಿ ಬಲು ಜಾಣೆ. ದೇವರಾಜನು ಬೆಟ್ಟದಲ್ಲಿ ಇತರ ಕನ್ಯೆಯರೊಡನೆ ಗುಟ್ಟಾಗಿ ವಿಹರಿಸುತ್ತಿರುವಾಗ, ಅವನನ್ನು ಹುಡುಕಿಕೊಂಡು ಬರುವ ಅವನ ಮಡದಿ ಜೂನೋ ದೇವಿಯನ್ನು ಈಕೆ ಕಥೆ ಹೇಳುತ್ತ ನಿಲ್ಲಿಸಿಕೊಳ್ಳುವಳು. ಅಷ್ಟರಲ್ಲಿ ಆ ಕನ್ಯೆಯರು ಓಡಿಹೋಗುವರು. ಈ ಕಪಟವು ತಿಳಿದಾಗ ದೇವಿಯು ಕೋಪಗೊಂಡು ಶಾಪವಿತ್ತಳು. ಅಂದಿನಿಂದ ಎಕೋ ತಾನಾಗಿ ಒಂದು ಮಾತನ್ನೂ ಆರಂಭಿಸಲಾರಳು. ಪರರು ಆಡಿದ ಮಾತಿನ ಕೊನೆಯ ಪದಗಳನ್ನು ಮಾತ್ರ ಮರಳಿ ಆಡಬಲ್ಲಳು. ಆ ಬಳಿಕ ಆಕೆ ನಾರ್ಸಿಸಸ್ ಎಂಬ ಚೆಲುವನಿಗೆ ಮನಸೋತಳು. ತನ್ನ ಒಲವನ್ನು ಹೇಳಿಕೊಳ್ಳಲು ಮಾತಿಲ್ಲದೆ ಅವನ ಮಾತಿನ ತುಂಡುಗಳನ್ನೇ ಹಿಡಿದು ಅವನ ಬಳಿಗೆ ಹೋದಳು, ಅವನು ತಿರಸ್ಕರಿಸಿದನು. ಗುಹೆಗಳಲ್ಲಿ ಅಡಗಿ ಕೊರಗಿ ಕೊರಗಿ ಆಕೆಯ ಮೈ ಕರಗಿತು, ಮೂಳೆ ಕಲ್ಲಾಯಿತು; ದನಿ ಮಾತ್ರ ಉಳಿಯಿತು. ಬೆಟ್ಟದಲ್ಲಿ ಕೇಳುವ ಮಾರ್ದನಿಯು ಆಕೆಯದೇ ಎಂದು ಕಥೆ.

ಪರಮತದ ಈ ಪುರಾಣಕಥೆಯಿಂದ ಲಿಂಗವಂತನಿಗೆ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಕಥೆಯು ಎಲ್ಲಿಯದಾದರೂ ಅದರಲ್ಲಿ ಅಡಗಿರುವ ನೀತಿಯು ಮನುಷ್ಯನದು. ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ಅಂಶವೊಂದಿದೆ. ಎಕೋ ತನ್ನ ಮಾತನ್ನು ಕಳೆದುಕೊಂಡುದು ಅಕಾರಣವಾಗಿ ಅಲ್ಲ. ಮಾತನ್ನು ಆಕೆ ಪರದೆಯನ್ನಾಗಿ ಬಳಸಿದಳು. ನಡೆಯುತ್ತಿರುವ ತಪ್ಪೊಂದನ್ನು ಮರೆಮಾಡುವುದಕ್ಕಾಗಿ ಇಂಪಾದ ಕಥೆಗಳನ್ನು ಹೇಳಿದಳು. ಸತ್ಯವನ್ನು ಬೆಳಗಿಸುವುದಕ್ಕೆಂದು ದೊರೆತ ವಾಣಿಯನ್ನು ಅಸತ್ಯವನ್ನು ಮುಚ್ಚುವುದಕ್ಕೆ ತೊಡಗಿಸಿದವರಿಗೆ ಕ್ರಮೇಣ ಸ್ವಂತ ವಾಣಿಯೇ ಇಲ್ಲದಂತಾಗುವುದು. ಇದು ಶಾಪದಿಂದ ಆಗಬೇಕಾಗಿಲ್ಲ, ಸ್ವಭಾವದಿಂದಲೇ ಆಗುವುದು.

ದೃಷ್ಟಾಂತಕ್ಕೆ, ಸಾಲಗುಂದದಂಥ ಊರಿನ ಒಬ್ಬ ಹೊಲದೊಡೆಯನನ್ನು ಭಾವಿಸಿಕೊಳ್ಳಬಹುದು. ಅವನು ದುರ್ಜನನಲ್ಲ. ಸ್ನಾನ, ವಿಭೂತಿಧಾರಣೆ, ಲಿಂಗಪೂಜೆಗಳಲ್ಲಿ ತಪ್ಪುವವನಲ್ಲ. ಸೋಮವಾರದ ಭಜನೆಯಲ್ಲಿ ಅವನ ಕಂಠವೇ ಮುಂದು. ಕಾಯಕ ಮತ್ತು ದಾಸೋಹವನ್ನು ಕುರಿತ ವಚನಗಳು ಅವನಿಗೆ ಬಾಯಿಪಾಠ. ಸುಗ್ಗಿ ಮುಗಿದು ರಾಶಿ ಮನೆಗೆ ಬಂದಿದೆ. ಬತ್ತ ಕೊಯ್ದ ಕೂಲಿಯಾಳು ತನ್ನ ಕೂಲಿಗಾಗಿ ಕಟ್ಟೆಯ ಬಳಿ ನಿಂತಿದ್ದಾನೆ. ಮಾರಿದ ಬತ್ತದ ಹಣ ಕೈಸೇರಿದ್ದರೂ, ಒಡೆಯನು ನಾಳೆ ಬಾ ಎನ್ನುವನು. ನಾಳೆ ಬಂದರೆ ಅಮಾವಾಸ್ಯೆ ಕಳೆಯಲಿ ಎನ್ನುವನು. ಅಂದು ಸಂಜೆ ಮಠದ ಜಗಲಿಯಲ್ಲಿ ಕುಳಿತು, ದುಡಿದ ಕೈಯಲ್ಲಿಯೇ ಶಿವನಿರುವನೆಂಬ ಅರ್ಥದ ವಚನವನ್ನು ಕಣ್ಣುಮುಚ್ಚಿ ಹಾಡುವನು. ಕೇಳಿದವರು ತಲೆದೂಗುವರು. ಆ ಆಳೂ ಕತ್ತಲಲ್ಲಿ ಕುಳಿತು ಕೇಳುತ್ತಿರಬಹುದು. ಆ ಹೊತ್ತಿನಲ್ಲಿ ಆ ವಚನವು ಏನು ಮಾಡುತ್ತಿದೆ? ಎಕೋ ಹೇಳಿದ ಕಥೆ ಮಾಡಿದುದನ್ನೇ ಮಾಡುತ್ತಿದೆ. ಒಂದು ತಪ್ಪಿನ ಮುಂದೆ ಇಂಪಾದ ಪರದೆಯನ್ನು ಎಳೆಯುತ್ತಿದೆ. ಹಾಡುವವನು ತಾನು ವಂಚಿಸುತ್ತಿರುವೆನೆಂದು ಅರಿಯನು. ಅರಿಯದಿರುವುದೇ ಇಲ್ಲಿಯ ಅಪಾಯ. ನುಡಿಯು ಎಷ್ಟು ಪವಿತ್ರವೋ ಅದರ ಮರೆಯು ಅಷ್ಟೇ ದಟ್ಟ. ನುಡಿದಂತೆ ನಡೆಯದವನನ್ನು ಬಸವಣ್ಣನವರೂ ಇತರ ಶರಣರೂ ಅಷ್ಟು ಕಟುವಾಗಿ ಖಂಡಿಸಿದುದರ ಕಾರಣವು ಇದೇ ಆಗಿದೆ.

ಮಸ್ಕಿಯ ಬೆಟ್ಟವು ಈ ವಿಚಾರಕ್ಕೆ ಇನ್ನೊಂದು ಸಾಕ್ಷಿಯನ್ನು ಒದಗಿಸುವುದು. ಅಲ್ಲಿಯ ಬಂಡೆಯೊಂದರ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನವಿದೆ. 1915ರಲ್ಲಿ ಚಿನ್ನದ ಗಣಿಗಳ ಶೋಧದಲ್ಲಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡನು. ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಆ ಹೆಸರನ್ನು ಸ್ಪಷ್ಟವಾಗಿ ಹೇಳಿದುದು ಮಸ್ಕಿಯ ಬಂಡೆ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದೊರೆಯತಕ್ಕದ್ದಲ್ಲ, ಧರ್ಮದಲ್ಲಿ ತೊಡಗಿದರೆ ಸಾಮಾನ್ಯನಿಗೂ ಅದು ಸಾಧ್ಯವೆಂಬುದು ಆ ಶಾಸನದ ಭಾವ. ಎಂತಹ ಉದಾರವಾದ ಮಾತು! ಆದರೂ ಬಂಡೆಯು ಆ ಮಾತನ್ನು ಎರಡು ಸಾವಿರ ವರುಷಗಳಿಗೂ ಮೀರಿ ಹೊತ್ತು ನಿಂತು ತಾನು ಬಂಡೆಯಾಗಿಯೇ ಉಳಿದಿದೆ. ಮಾತು ಕೆತ್ತಲ್ಪಟ್ಟಿತು, ಕಲ್ಲಿನೊಳಕ್ಕೆ ಇಳಿಯಲಿಲ್ಲ. ಅಕ್ಷರವನ್ನು ಉಳಿಸುವುದರಲ್ಲಿ ಕಲ್ಲು ಮನುಷ್ಯನಿಗಿಂತ ಸಮರ್ಥವಾದುದು. ಆದುದರಿಂದ ಸಾವಿರ ವಚನಗಳನ್ನು ಕಂಠಸ್ಥ ಮಾಡಿದೆನೆಂದು ಹೆಮ್ಮೆಪಡುವವನು ತಾನು ಬಂಡೆಗಿಂತ ಹೆಚ್ಚಿನದೇನನ್ನು ಮಾಡಿದೆನೆಂದು ಕೇಳಿಕೊಳ್ಳುವುದು ಉಚಿತ.

ಹಾಗಿದ್ದರೆ ಅನುಭಾವವಿಲ್ಲದ ಸಾಮಾನ್ಯ ಗೃಹಸ್ಥನು ಶರಣರ ನುಡಿಯನ್ನು ಆಡದೆ ಸುಮ್ಮನಿರುವುದೇ ಲೇಸಲ್ಲವೇ ಎಂಬ ಆಕ್ಷೇಪವು ಇಲ್ಲಿ ಏಳುವುದು. ನಡೆಯು ಪೂರ್ಣವಾದ ಮೇಲೆ ನುಡಿಯೋಣ, ಅಲ್ಲಿಯವರೆಗೆ ಮೌನವೇ ಪ್ರಾಮಾಣಿಕವಾದುದು ಎಂದು ಹೇಳುವವರುಂಟು. ಇದು ಮೇಲುನೋಟಕ್ಕೆ ವಿನಯದಂತೆ ಕಂಡರೂ ವಿಚಾರಿಸಿದಾಗ ನಿಲ್ಲುವುದಿಲ್ಲ. ಏಕೆಂದರೆ ಲಿಂಗವಂತನ ಧಾರ್ಮಿಕ ಜೀವನವು ಆರಂಭವಾಗುವುದೇ ಕಿವಿಯಿಂದ. ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳಲ್ಲಿ ಮಂತ್ರದೀಕ್ಷೆಯನ್ನು ಗುರುವು ಶಿಷ್ಯನ ಕಿವಿಯಲ್ಲಿ ಅನುಗ್ರಹಿಸುವನು. ಶಿಷ್ಯನು ಅದನ್ನು ಮರಳಿ ಉಚ್ಚರಿಸುವನು. ತೊಟ್ಟಿಲ ಕೂಸು ತಾಯಿಯ ಮಾತನ್ನು ಮರಳಿ ಆಡಿಯೇ ಮಾತು ಕಲಿಯುವುದು. ಮರಳಿ ನುಡಿಯುವುದೇ ದೋಷವಾಗಿದ್ದರೆ ದೀಕ್ಷೆಯೂ ಇಲ್ಲ, ವಿದ್ಯೆಯೂ ಇಲ್ಲ. ಆದುದರಿಂದ ಮರಳಿ ನುಡಿಯುವುದರಲ್ಲಿಯೇ ಎರಡು ಬಗೆಗಳುಂಟೆಂದು ತಿಳಿಯಬೇಕು. ಆ ಭೇದವನ್ನು ತೋರಿಸಿಕೊಡುವವಳು ನಮ್ಮ ಬೆಟ್ಟದ ತಾಯಿಯಾದ ಭ್ರಮರಾಂಬೆ.

ಭ್ರಮರವೆಂದರೆ ತುಂಬಿ. ಅರುಣನೆಂಬ ಅಸುರನನ್ನು ಸಂಹರಿಸಲು ದೇವಿಯು ತುಂಬಿಗಳ ಹಿಂಡಿನೊಡನೆ ಭ್ರಾಮರಿಯಾಗಿ ತೋರಿದಳೆಂದು ಪುರಾಣ. ಶ್ರೀಶೈಲದಲ್ಲಿ ಆಕೆಯ ಗುಡಿಯ ಹಿಂಬದಿಯ ಗೋಡೆಗೆ ಕಿವಿಯಿಟ್ಟರೆ ಇಂದಿಗೂ ತುಂಬಿಯ ಝೇಂಕಾರವು ಕೇಳುವುದೆಂದು ಭಕ್ತರು ನಂಬುವರು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರುಗಳಿಂದ ಹೊರಟು ಕಾಲ್ನಡೆಯಲ್ಲಿ ಶ್ರೀಗಿರಿಯನ್ನು ಸೇರುವ ಯಾತ್ರಿಕರಲ್ಲಿ ಎಷ್ಟೋ ಮಂದಿ ಆ ಗೋಡೆಗೆ ಕಿವಿಗೊಟ್ಟು ನಿಲ್ಲುವರು. ಗ್ರೀಕರ ಬೆಟ್ಟದಲ್ಲಿ ಕೇಳುವುದು ಮಾರ್ದನಿ; ಶ್ರೀಗಿರಿಯ ಕಲ್ಲಿನಲ್ಲಿ ಭಕ್ತನು ಕೇಳಬಯಸುವುದು ಝೇಂಕಾರ. ಮಾರ್ದನಿಯನ್ನು ಕೇಳಬೇಕಾದರೆ ಮೊದಲು ತಾನು ಕೂಗಬೇಕು. ಝೇಂಕಾರವನ್ನು ಕೇಳಬೇಕಾದರೆ ತಾನು ಸುಮ್ಮನಾಗಬೇಕು. ಮಾರ್ದನಿಯಲ್ಲಿ ಹಿಂದಿರುಗುವುದು ತನ್ನದೇ ಕೂಗು. ಝೇಂಕಾರದಲ್ಲಿ ಒಳಕ್ಕೆ ಬರುವುದು ಆಕೆಯ ನಾದ.

ತುಂಬಿಯ ನಾದದಿಂದ ಹುಳುವೂ ತುಂಬಿಯಾಗುವುದೆಂಬ ಭ್ರಮರಕೀಟನ್ಯಾಯವು ಶಾಸ್ತ್ರಜ್ಞರಿಗೂ ವಚನಕಾರರಿಗೂ ಪರಿಚಿತವಾದುದು. ಭ್ರಮರವು ಕೀಟವನ್ನು ತಂದು ಗೂಡಿನಲ್ಲಿರಿಸಿ ಸುತ್ತಲೂ ಮೊರೆಯುವುದು. ಆ ನಾದವನ್ನೇ ಕೇಳುತ್ತ, ಭ್ರಮರವನ್ನೇ ನೆನೆಯುತ್ತ ಕೀಟವು ತನ್ನ ರೂಪವನ್ನು ಕಳೆದುಕೊಂಡು ಭ್ರಮರವಾಗಿ ಹಾರಿಹೋಗುವುದು ಎಂದು ಹಿರಿಯರು ವರ್ಣಿಸಿದರು. ಇಂದಿನ ಕೀಟಶಾಸ್ತ್ರವು ಹೇಳುವ ಸಂಗತಿ ಬೇರೆ. ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ಮಣ್ಣಿನ ಗೂಡಿನಲ್ಲಿಟ್ಟು, ಅಲ್ಲಿ ತನ್ನ ಮೊಟ್ಟೆಯನ್ನಿಡುವುದು. ಮೊಟ್ಟೆಯೊಡೆದು ಬಂದ ಮರಿಯು ಆ ಹುಳುವನ್ನೇ ಆಹಾರವಾಗಿ ತಿಂದು ಬೆಳೆದು ಹೊರಬರುವುದು. ಇದನ್ನು ಕೇಳಿ ದೃಷ್ಟಾಂತವು ಕೆಟ್ಟಿತೆಂದು ಭಕ್ತನು ಕಳವಳಪಡಬೇಕಾಗಿಲ್ಲ. ದೃಷ್ಟಾಂತವು ಮುರಿಯಲಿಲ್ಲ, ಹರಿತವಾಯಿತು. ಹುಳುವು ಹುಳುವಾಗಿಯೇ ಉಳಿದು ರೆಕ್ಕೆಯನ್ನು ಮಾತ್ರ ಪಡೆಯಲಿಲ್ಲ. ಗೂಡಿನಿಂದ ಹಾರಿದುದರಲ್ಲಿ ಹುಳುವಿನ ಅಂಶವೆಲ್ಲವೂ ಆಹಾರವಾಗಿ ಸಂದುಹೋಗಿದೆ. ಪ್ರಸಾದಿಸ್ಥಲದ ಮರ್ಮವೂ ಇದಕ್ಕೆ ಹತ್ತಿರವಾದುದು. ತನ್ನದೆಂಬುದನ್ನು ಲಿಂಗಕ್ಕೆ ಅರ್ಪಿಸಿ, ಉಳಿದುದನ್ನು ಪ್ರಸಾದವೆಂದು ಕೊಳ್ಳುವಲ್ಲಿ 'ನಾನು' ಎಂಬುದು ಅಲಂಕಾರಗೊಳ್ಳುವುದಿಲ್ಲ, ಸವೆಯುವುದು. ಕಿವಿಯಲ್ಲಿ ಬಿದ್ದ ಗುರುವಚನವು ಒಳಗಿನ ಲೋಭವನ್ನು ತಿನ್ನತೊಡಗಿದರೆ ಅದು ಝೇಂಕಾರ. ಲೋಭವು ಇದ್ದಂತೆಯೇ ಇದ್ದು ಬಾಯಿ ಮಾತ್ರ ವಚನವನ್ನಾಡಿದರೆ ಅದು ಮಾರ್ದನಿ.

ಈ ಎರಡು ದಾರಿಗಳನ್ನು ಕನ್ನಡದ ಕವಿ ಚಾಮರಸನು ಒಬ್ಬಳೇ ಗಿರಿಪುತ್ರಿಯ ಎರಡು ಕಳೆಗಳಾಗಿ ಚಿತ್ರಿಸಿದ್ದಾನೆ. 15ನೆಯ ಶತಮಾನದಲ್ಲಿ ಪ್ರೌಢದೇವರಾಯನ ಕಾಲದಲ್ಲಿ ರಚಿತವಾದ 'ಪ್ರಭುಲಿಂಗಲೀಲೆ'ಯ ಕಥೆಯು ವಾಚಕರಿಗೆ ಹೊಸದಲ್ಲ. ಅಲ್ಲಮನನ್ನು ಗೆಲ್ಲುವೆನೆಂದು ಪಂಥವಾಡಿದ ಪಾರ್ವತಿಯು ತನ್ನ ತಾಮಸಕಳೆಯನ್ನು ಭೂಲೋಕಕ್ಕೆ ಕಳುಹುವಳು. ಆಕೆ ಬನವಸೆಯ ಮಮಕಾರ ರಾಜನಿಗೂ ಮೋಹಿನಿಗೂ ಮಗಳಾಗಿ ಮಾಯೆಯೆಂಬ ಹೆಸರಿನಿಂದ ಬೆಳೆಯುವಳು. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಬಾರಿಸುವ ಮದ್ದಳೆಯ ನಾದಕ್ಕೆ ಮರುಳಾಗಿ, ಆ ಗತಿಗೆ ಹೆಜ್ಜೆಹಾಕುವಳು. ಮದ್ದಳೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆಯೇನೋ ಬಿದ್ದಿತು. ಆದರೆ ಬಾರಿಸಿದವನನ್ನು ಹಿಡಿಯಹೋದಾಗ ಅವನು ಕೈಗೆ ಸಿಗದೆ ಹೋದನು. ಹೊರಗಿನಿಂದ ಬಂದ ತಾಳವನ್ನು ಮೈಯಲ್ಲಿ ಹಿಡಿದು, ತಾಳವಿತ್ತವನನ್ನು ತನ್ನ ಭೋಗಕ್ಕೆ ಬಯಸಿದವಳ ಗತಿ ಇದು. ಗ್ರೀಕರ ಎಕೋ ಮತ್ತು ಬನವಸೆಯ ಮಾಯೆ ಇಬ್ಬರೂ ಈ ಅರ್ಥದಲ್ಲಿ ಒಡಹುಟ್ಟಿದವರು.

ಅದೇ ಪಾರ್ವತಿಯ ಸಾತ್ವಿಕಕಳೆಯು ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟಿತು. ಆಕೆಯೂ ಒಲಿದವಳೇ, ಬೆಟ್ಟದೊಡೆಯನನ್ನೇ ಒಲಿದವಳು. ಕೌಶಿಕನ ಅರಮನೆಯನ್ನು ತೊರೆದು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಆಕೆಯನ್ನು ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸಿದುದನ್ನು ಶೂನ್ಯಸಂಪಾದನೆಯು ನಿರೂಪಿಸುವುದು. ಅಲ್ಲಿ ಅಕ್ಕನು ಪ್ರಭುದೇವರ ಮಾತಿನ ಕೊನೆಯನ್ನು ಹಿಡಿದು ಮರಳಿ ಆಡಲಿಲ್ಲ. ಪ್ರತಿಯೊಂದು ಪ್ರಶ್ನೆಗೂ ತಾನು ನಡೆದು ಬಂದ ಹಾದಿಯಿಂದಲೇ ಉತ್ತರವಿತ್ತಳು. ಆಕೆಯ ಮಾತು ಆಕೆಯದೇ ಆಗಿದ್ದಿತು. ಏಕೆಂದರೆ ಅದರ ಬೆಲೆಯನ್ನು ಆಕೆ ಮೊದಲೇ ತೆತ್ತಿದ್ದಳು. ಶ್ರೀಶೈಲದ ಕಾಡಿನಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಅರಸುವಾಗ ತುಂಬಿ, ಹಂಸ, ನವಿಲುಗಳನ್ನು ಕೇಳುತ್ತ ಹೋದ ಆಕೆ ಬೆಟ್ಟದಿಂದ ತನ್ನ ದನಿಯನ್ನು ಮರಳಿ ಪಡೆಯಬಯಸಲಿಲ್ಲ. ತನ್ನನ್ನೇ ಬೆಟ್ಟದೊಡೆಯನಿಗೆ ಒಪ್ಪಿಸಿದಳು. ಎಕೋ ಕರಗಿದಳು, ಅಕ್ಕನೂ ಕದಳಿಯಲ್ಲಿ ಬಯಲಾದಳು. ಒಬ್ಬಳದು ನಷ್ಟ, ಇನ್ನೊಬ್ಬಳದು ಐಕ್ಯ. ಕೊರಗಿ ಕರಗುವುದಕ್ಕೂ ಅರ್ಪಿತವಾಗಿ ಕರಗುವುದಕ್ಕೂ ಇರುವ ಅಂತರವಿದು.

ಎಕೋ ಒಲಿದ ನಾರ್ಸಿಸಸನ ಪಾಡೂ ಲಿಂಗಪೂಜಕನು ನೆನೆಯತಕ್ಕದ್ದಾಗಿದೆ. ತನ್ನನ್ನು ತಾನು ಅರಿಯದಿದ್ದರೆ ಮಾತ್ರ ಇವನು ಬಹುಕಾಲ ಬಾಳುವನೆಂದು ಅವನ ವಿಷಯದಲ್ಲಿ ಕಾಲಜ್ಞಾನಿಯೊಬ್ಬನು ನುಡಿದಿದ್ದನು. ಕೊಳದಲ್ಲಿ ತನ್ನದೇ ಬಿಂಬವನ್ನು ಕಂಡು ಮೋಹಿಸಿ ಅಲ್ಲಿಯೇ ಅವನು ಸತ್ತನು. ಶರಣರಾದರೋ ತನ್ನನ್ನು ತಾನು ಅರಿಯುವುದೇ ಪರಮವೆಂದು ಬೋಧಿಸಿದರು. ಇದು ವಿರೋಧವೇ? ಅಲ್ಲ. ಇಷ್ಟಲಿಂಗದ ಮೇಲಿನ ಕಂತಿಯು ಕಪ್ಪಾಗಿ ಹೊಳೆಯುವುದು. ಎವೆಯಿಕ್ಕದೆ ನೋಡುವವನಿಗೆ ಅದರಲ್ಲಿ ತನ್ನ ನೆರಳೂ ತೋರಬಹುದು. ಆ ನೆರಳಿನಲ್ಲಿ ತಾನು ಭಕ್ತನೆಂಬ ಚೆಲುವನ್ನು ಕಂಡು ಹಿಗ್ಗಿದರೆ ಅಂಗೈಯೇ ನಾರ್ಸಿಸಸನ ಕೊಳವಾಗುವುದು. ಆ ನೆರಳು ತೇಲಿಹೋಗಿ ಬೆಳಕು ಮಾತ್ರ ಉಳಿಯುವವರೆಗೆ ನೋಡಿದರೆ ಅದು ಶಿವಯೋಗವಾಗುವುದು. ಪರರ ದನಿಯಲ್ಲಿ ತನ್ನನ್ನು ಕಳೆದುಕೊಂಡವಳು ಎಕೋ. ತನ್ನ ನೆರಳಿನಲ್ಲಿ ಪರವನ್ನೇ ಕಳೆದುಕೊಂಡವನು ನಾರ್ಸಿಸಸ್. ಬಾಯಿಯಲ್ಲಿ ವಚನವನ್ನೂ ಅಂಗೈಯಲ್ಲಿ ಲಿಂಗವನ್ನೂ ಹಿಡಿದವನು ಈ ಎರಡು ಅಪಾಯಗಳ ನಡುವೆ ಎಚ್ಚರದಿಂದ ನಡೆಯಬೇಕು.

ಬೆಟ್ಟದ ತಾಯಿಯನ್ನು ಹೀಗೆ ಕೊಂಡಾಡುವುದು ಏಕಲಿಂಗನಿಷ್ಠೆಗೆ ಭಂಗವಲ್ಲವೇ ಎಂದು ಕೆಲವರು ಸಂದೇಹಿಸಬಹುದು. ಸ್ಥಾವರವನ್ನು ಹುಡುಕಿ ಗಿರಿ ಗಹ್ವರಗಳಲ್ಲಿ ಅಲೆಯುವುದನ್ನು ಶರಣರು ಒಪ್ಪಲಿಲ್ಲವೆಂಬುದು ನಿಜ. ಆದರೂ ಅಕ್ಕನ ಅಂಕಿತದಲ್ಲಿ ಮಲ್ಲಿಕಾರ್ಜುನನ ಹೆಸರಿದೆ. ಪ್ರಭುದೇವರ ಅಂಕಿತವು ಗುಹೆಯ ಒಡೆಯನನ್ನು ಹೇಳುವುದು. ಬಸವಣ್ಣನವರ ಅಂಕಿತವು ನದಿಗಳ ಕೂಡಲನ್ನು ಹೇಳುವುದು. ಅವರು ಬೆಟ್ಟ, ಗುಹೆ, ನದಿಗಳನ್ನು ತೊರೆಯಲಿಲ್ಲ. ಅವುಗಳ ಹೆಸರನ್ನು ಒಳಕ್ಕೆ ತಂದುಕೊಂಡರು. ಮಸ್ಕಿಯ ಬೆಟ್ಟವನ್ನೇರಿದ ಭಕ್ತನೂ ಹಾಗೆಯೇ ಮಾಡಿದರೆ ಯಾತ್ರೆಯು ಸಾರ್ಥಕ. ಬೆಟ್ಟದಲ್ಲಿ ಕೇಳಿದ ಪಾಠವನ್ನು ಮನೆಯ ಬಾಗಿಲಿಗೆ ತರದೆ, ಬೆಟ್ಟವನ್ನಷ್ಟೇ ಹತ್ತಿ ಇಳಿದರೆ ಕಾಲಿಗೆ ದಣಿವು ಮಾತ್ರ ಲಾಭ.

ಮಾರ್ದನಿಯ ವಿಷಯದಲ್ಲಿ ಭೌತಶಾಸ್ತ್ರವು ತಿಳಿಸುವ ಸಂಗತಿಯೊಂದುಂಟು. ದನಿಯು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವುದು. ಕೂಗುವವನಿಂದ ಬಂಡೆಯು ಸುಮಾರು 17 ಮೀಟರುಗಳಿಗಿಂತ ದೂರದಲ್ಲಿದ್ದರೆ ಮಾತ್ರ ಕೂಗು ಬೇರೆ, ಮಾರ್ದನಿ ಬೇರೆ ಎಂದು ಕಿವಿಗೆ ತಿಳಿಯುವುದು. ಬಂಡೆಯ ಸಮೀಪಕ್ಕೆ ಹೋದಂತೆ ಇವೆರಡೂ ಒಂದರಲ್ಲೊಂದು ಬೆರೆತು ಒಂದೇ ದನಿಯಾಗುವುವು. ದೂರವಿರುವವರೆಗೆ ಮಾತ್ರ ಮಾರ್ದನಿ, ಸಮೀಪಿಸಿದರೆ ಮಾರ್ದನಿಯಿಲ್ಲ. ಶರಣರ ನುಡಿಗೂ ಭಕ್ತನ ನುಡಿಗೂ ನಡುವಿನ ಸಂಬಂಧವು ಇಂಥದು. ಅವರ ನಡೆಯಿಂದ ದೂರ ನಿಂತು ಆಡಿದಾಗ ಅದು ಅವರ ಮಾತಿನ ಮಾರ್ದನಿ. ಆ ನಡೆಯ ಕಡೆಗೆ ಒಂದೊಂದೇ ಹೆಜ್ಜೆ ಸರಿದಂತೆ, ಇದು ಅವರದು, ಇದು ತನ್ನದು ಎಂಬ ಅಂತರವು ಕುಗ್ಗುತ್ತ ಬರುವುದು. ಹೊಸ ಮಾತನ್ನು ಕಟ್ಟಬೇಕಾಗಿಲ್ಲ. ದೂರವನ್ನು ಕಳೆದುಕೊಂಡರೆ ಸಾಕು.

ಆ ಹೆಜ್ಜೆಯು ಕದಳೀವನದ ಕಡೆಗೇ ಇರಬೇಕೆಂಬ ನಿಯಮವಿಲ್ಲ. ಸಾಲಗುಂದದ ಹೊಲದೊಡೆಯನಿಗೆ ಅದು ತನ್ನ ಮನೆಯ ಕಟ್ಟೆಯವರೆಗಿನ ಹೆಜ್ಜೆ. ಅಂದಿನ ಭಜನೆ ಮುಗಿಸಿ ಮನೆಗೆ ಬಂದವನು, ತಾನು ಹಾಡಿದ ಮಾತು ತನ್ನನ್ನೇ ಕೇಳುತ್ತಿರುವಂತೆ ಕಂಡು, ದೀಪ ಹಿಡಿದುಕೊಂಡು ಆಳಿನ ಗುಡಿಸಲಿಗೆ ಹೋಗಿ, ತಡಮಾಡಿದುದು ತಪ್ಪಾಯಿತೆಂದು ಹೇಳಿ ಕೂಲಿಯನ್ನು ಎಣಿಸಿ ಕೊಟ್ಟರೆ, ಅವನು ಆಗ ಯಾವ ವಚನವನ್ನೂ ಆಡಬೇಕಾಗಿಲ್ಲ. ಆಡಿದ ವಚನವು ಆ ಕ್ಷಣದಲ್ಲಿ ಅವನದಾಯಿತು. ಮರುದಿನ ಅದನ್ನೇ ಹಾಡುವಾಗ ಕಂಠವು ಹಿಂದಿನಷ್ಟು ಇಂಪಾಗಿರದಿದ್ದರೂ ಚಿಂತೆಯಿಲ್ಲ. ಗೂಡಿನ ಹುಳುವನ್ನು ತುಂಬಿಯು ತಿನ್ನತೊಡಗಿದೆ.

ಗುರುವು ಕಿವಿಯಲ್ಲಿಟ್ಟ ಮಂತ್ರವೂ ಶರಣರು ನಾಡಿಗೆ ಬಿಟ್ಟುಹೋದ ವಚನವೂ ಸದ್ಭಕ್ತರ ಮನೆಗಳಲ್ಲಿ ಕಲ್ಲಿನ ಮಾರ್ದನಿಯಾಗಿ ಮರಳಿಹೋಗದೆ, ಒಳಗನ್ನು ಹೊಕ್ಕು ಮೊರೆಯುವ ಝೇಂಕಾರವಾಗಲಿ.